ಕುದಾಪುರ ಕಾವಲು: ದರೋಗನ ದಫ್ತರದಿಂದ ಹಸಿರು ನ್ಯಾಯಮಂಡಳಿವರೆಗೆ

ಸ್ಮರಣ ಸಂಚಿಕೆಗಳಲ್ಲಿ ಶಾಲೆ, ಸಹಕಾರ ಸಂಘ, ಮಠ, ಆಸ್ಪತ್ರೆಗಳ ಚರಿತ್ರೆ ಬರೆಯುವುದು ವಾಡಿಕೆ. ಅವಕ್ಕೆಲ್ಲ ಶಂಕುಸ್ಥಾಪನೆಯ ಕಲ್ಲು ಇರುತ್ತದೆ, ಗೋಡೆಯ ಮೇಲೆ ಮಾಜಿ ಅಧ್ಯಕ್ಷರ ಫೋಟೊಗಳ ಸಾಲು ಇರುತ್ತದೆ. ನಾಯಕನಹಟ್ಟಿ ಸೀಮೆಯ ಒಂದು ಹಳೆಯ ಸಂಸ್ಥೆಗೆ ಇವೆರಡೂ ಇಲ್ಲ. ಅದು ಅಮೃತಮಹಲ್ ಕಾವಲು. ಕುದಾಪುರ ಕಾವಲು, ವರವು ಕಾವಲು, ಉಳ್ಳಾರ್ತಿ ಕಾವಲು ಎಂದು ನಮ್ಮ ಹಿರಿಯರು ಹೆಸರಿಟ್ಟು ಕರೆಯುತ್ತಿದ್ದ ಈ ಹುಲ್ಲುಗಾವಲುಗಳನ್ನು ಹೊರಗಿನಿಂದ ಬಂದವರು ಪಾಳು ಭೂಮಿ ಎಂದುಕೊಂಡರು. ಪಾಳಲ್ಲ. ಅದಕ್ಕೆ ಇಲಾಖೆ ಇತ್ತು, ನೌಕರರಿದ್ದರು, ಕಟ್ಟಳೆ ಇತ್ತು, ದಫ್ತರವೂ ಇತ್ತು. ದಫ್ತರದಲ್ಲಿ ಇಲ್ಲದಿದ್ದದ್ದು ಸುತ್ತಲಿನ ಹಳ್ಳಿಗಳು ಮಾತ್ರ. ಮುಂದೆ ನಡೆದ ಹೋರಾಟ, ಬರೆದ ಮನವಿಗಳು, ಸಿಕ್ಕ ತೀರ್ಪು ಎಲ್ಲವೂ ಈ ಒಂದು ಲೋಪಕ್ಕೆ ಸುತ್ತಿಕೊಂಡಿವೆ ಎಂಬುದು ನನ್ನ ತಿಳಿವಳಿಕೆ.

ಇಲಾಖೆಯ ಮೂಲ ಶ್ರೀರಂಗಪಟ್ಟಣದಲ್ಲಿದೆ. ವಿಜಯನಗರದ ಪ್ರತಿನಿಧಿಗಳು ಅಲ್ಲಿ ಆಳುತ್ತಿದ್ದಾಗ ತಂದು ಸಾಕಿದ ಹಳ್ಳಿಕಾರ್ ದನಗಳ ಹಿಂಡಿಗೆ ಕರುಹಟ್ಟಿ ಎಂಬ ಹೆಸರಿತ್ತು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅದು ಬೆಣ್ಣೆ ಚಾವಡಿಯಾಯಿತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಒಂದು ಕೆಲಸ, ಸೈನ್ಯಕ್ಕೆ ಎತ್ತು ಒದಗಿಸುವುದು ಇನ್ನೊಂದು. ಹೈದರಾಲಿಗೆ ಎರಡನೆಯದರ ಬೆಲೆ ಚೆನ್ನಾಗಿ ಗೊತ್ತಿತ್ತು. ಚಿದಂಬರವನ್ನು ಕಾಯಲು ಅವನು ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ ಎಂದು ಬ್ರಿಟಿಷರೇ ಬೆರಗಾಗಿ ಬರೆದಿಟ್ಟಿದ್ದಾರೆ. ಚಿತ್ರದುರ್ಗ ಅವನ ವಶವಾದದ್ದು 1779ರಲ್ಲಿ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು, ಅದನ್ನು ನಡೆಸುವ ಬಗೆಯನ್ನು ಹುಕುಂನಾಮೆಯಾಗಿ ಬರೆಸಿದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬಂದ ಇಂಗ್ಲಿಷರು ರಾಜ್ಯವನ್ನು ಬದಲಿಸಿದರೂ ಆ ಕಟ್ಟಳೆಗಳಲ್ಲಿ ಬಹುಪಾಲನ್ನು ಹಾಗೆಯೇ ಉಳಿಸಿಕೊಂಡರು. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವೆಲ್ಲೆಸ್ಲಿ ಮುಂದೆ ಸ್ಪೇನ್‌ನಲ್ಲಿ ದಂಡು ನಡೆಸುವಾಗ, ಮೈಸೂರಿನ ಎತ್ತುಗಳು ಇಲ್ಲಿಲ್ಲವಲ್ಲ ಎಂದು ಪರಿತಪಿಸಿದನಂತೆ.

ಕಾವಲುಗಳನ್ನು ಋತುವಿಗೆ ತಕ್ಕಂತೆ ವಿಂಗಡಿಸಲಾಗಿತ್ತು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು. ಹಿಂಡು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಹಿಂಡು ಬಿಟ್ಟುಹೋದ ಕಾವಲಿನ ಹುಲ್ಲು ಮುಂದಿನ ಸರದಿಯವರೆಗೆ ಚೇತರಿಸಿಕೊಳ್ಳುತ್ತಿತ್ತು. ಮೇಲೆ ದರೋಗ, ಕೆಳಗೆ ಹಿಂಡಿನ ಹೊಣೆ ಹೊತ್ತ ಸೇರ್ವೆಗಾರ. ಇವರ ದಫ್ತರದಲ್ಲಿ ಹಸು, ಕರು, ಹೋರಿಗಳ ಲೆಕ್ಕ ಕಟ್ಟುನಿಟ್ಟು. ಸರ್ಕಾರಿ ಹಿಂಡು ಬೇರೆಡೆ ಹೋದ ತಿಂಗಳುಗಳಲ್ಲಿ ಅದೇ ಹುಲ್ಲಿನ ಮೇಲೆ ಊರ ದನ, ಕುರಿ, ಮೇಕೆ ಮೇಯುತ್ತಿದ್ದವು. ಸರ್ಕಾರದ ಕಣ್ಣಿಗೆ ಅದು ಹಕ್ಕಲ್ಲ, ಸಲಿಗೆ. ಸಲಿಗೆಯ ಲೆಕ್ಕವನ್ನು ಯಾರು ತಾನೇ ಬರೆದಿಡುತ್ತಾರೆ?

ಸಂಸ್ಥೆಯನ್ನು ಮುಚ್ಚುವ ಹುಕಿ ಸರ್ಕಾರಕ್ಕೆ ಆಗಲೂ ಬಂದಿತ್ತು. ಖರ್ಚು ಉಳಿಸಬೇಕೆಂದು 1860ರಲ್ಲಿ ಹಿಂಡುಗಳನ್ನು ಮಾರಿಹಾಕಿದರು. ಈಜಿಪ್ಟಿನ ಪಾಷಾ ಕೂಡ ಇಲ್ಲಿನ ರಾಸುಗಳನ್ನು ಕೊಂಡ. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ಪರದಾಟ ಶುರುವಾದ ಮೇಲೆ, 1866ರಲ್ಲಿ ಮತ್ತೆ ಕಟ್ಟಿದರು. ಮುಂದೆ ಅದು ಮೈಸೂರು ಸರ್ಕಾರದ ಕೈಗೆ ಬಂತು, ಅಲ್ಲಿಂದ ಕೃಷಿ ಇಲಾಖೆಗೆ, ಆಮೇಲೆ ಪಶುಸಂಗೋಪನೆಗೆ. ಅಷ್ಟು ಹೊತ್ತಿಗೆ ಫಿರಂಗಿ ಎಳೆಯಲು ಎತ್ತು ಬೇಡವಾಗಿತ್ತು. ತಳಿ ಸಂವರ್ಧನೆಯ ಕೆಲಸ ಅಜ್ಜಂಪುರದ ಕೇಂದ್ರ ಮತ್ತು ಅದರ ಉಪಕೇಂದ್ರಗಳಲ್ಲಿ ಉಳಿಯಿತು. ಮಿಕ್ಕ ಕಾವಲುಗಳನ್ನು ದರಖಾಸ್ತು, ಒತ್ತುವರಿ, ನೆಡುತೋಪು ಎನ್ನುತ್ತ ಒಂದೊಂದಾಗಿ ಕರಗಿಸಿದರು. ನಾಡಿನ ಕಾವಲುಗಳಲ್ಲಿ ದೊಡ್ಡ ತುಣುಕುಗಳಾಗಿ ಉಳಿದವುಗಳ ಪೈಕಿ ಚಳ್ಳಕೆರೆ ತಾಲ್ಲೂಕಿನವೂ ಸೇರಿದ್ದವು. ಇಲ್ಲಿ ಉಳಿಯಲು ಕಾರಣ ಸರಳ: ಮಳೆ ಕಡಿಮೆ, ಉಳುವವರಿಗೆ ಅದರ ಮೇಲೆ ಆಸೆ ಹುಟ್ಟಲಿಲ್ಲ.

ಆಸೆ ಹುಟ್ಟದ ನೆಲ ಎಷ್ಟು ಜನರನ್ನು ಸಾಕುತ್ತಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಮುಂಗಾರಿನ ಎರಡು ಹದ ಮಳೆ ಬಿದ್ದರೆ ಕಾವಲಿನಲ್ಲಿ ಹುಲ್ಲು ಮೊಣಕಾಲೆತ್ತರಕ್ಕೆ ಏಳುತ್ತದೆ. ನಡುನಡುವೆ ಕಾರೆ, ಎಲಚಿ, ತಂಗಡಿ, ಬಂದರಿಕೆ. ಬೆಳಿಗ್ಗೆ ಎಂಟರ ಹೊತ್ತಿಗೆ ರೊಪ್ಪದ ಬಾಗಿಲ ಮುಳ್ಳು ಸರಿಸಿ ಕುರಿ ಬಿಟ್ಟರೆ ಅವು ಗಾಳಿಗೆ ಎದುರಾಗಿ ಮೇಯುತ್ತ ಹೋಗುತ್ತವೆ. ಕುರಿಗಾಹಿ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗಳೆ ಹಿಡಿದು ಹಿಂದೆ ನಡೆಯುತ್ತಾನೆ. ಎಲಚಿ ಮರ ಕಂಡಲ್ಲಿ ಕೊಂಬೆ ಬಗ್ಗಿಸಿ ಮೇಕೆಗಳಿಗೆ ಸೊಪ್ಪು ಉದುರಿಸುತ್ತಾನೆ. ಹೆಂಗಸರು ಹಂಚಿಕಡ್ಡಿ ಕಿತ್ತು ತಂದು ಪೊರಕೆ ಕಟ್ಟಿ ಸಂತೆಗೆ ಒಯ್ಯುತ್ತಾರೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತೇರಿನ ಹೊತ್ತಿಗೆ ಹುಲ್ಲು ಒಣಗಿ ಕರಡವಾಗುತ್ತದೆ. ಬೇಸಿಗೆಯಲ್ಲಿ ದನಕ್ಕೆ ಅದೇ ಗತಿ. ಕುರಿಯ ಉಣ್ಣೆ ಚಳ್ಳಕೆರೆಯ ಕಂಬಳಿಯಾಗುತ್ತದೆ, ರೊಪ್ಪದ ಗೊಬ್ಬರ ಶೇಂಗಾ ಹೊಲಕ್ಕೆ ಬೀಳುತ್ತದೆ. ಎಣ್ಣೆ ಗಿರಣಿಗಳ ಊರು ಎಂದು ಚಳ್ಳಕೆರೆಯನ್ನು ಹೊಗಳುವವರು ಶೇಂಗಾ ಬೆಳೆದ ಕೆಂಪು ಮಣ್ಣಿಗೆ ಗೊಬ್ಬರ ಎಲ್ಲಿಂದ ಬಂತು ಎಂದು ಕೇಳಿದ್ದನ್ನು ನಾನು ಕಾಣೆ.

ಇದರ ಮೇಲೆ ದೇವರ ಎತ್ತುಗಳು. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಹಿಂಡುಗಳಿವೆ. ಆ ಎತ್ತುಗಳನ್ನು ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಅವನ್ನು ಕಾಯುವವನು ಕಿಲಾರಿ. ಮನೆ ಮಠ ಬಿಟ್ಟು ಹಿಂಡಿನ ಜೊತೆಯೇ ಬದುಕುವವನು. ಕಾಡುಗೊಲ್ಲರಿಗೂ ತಮ್ಮ ದೈವ ಜುಂಜಪ್ಪನ ಹೆಸರಿನಲ್ಲಿ ಇಂಥದೇ ನಡಾವಳಿ. ಸರ್ಕಾರಿ ಹಿಂಡು ಕಾವಲು ಬಿಟ್ಟು ಹೋದ ಮೇಲೂ ಈ ನೆಲ ದನದ ನೆಲವಾಗಿಯೇ ಉಳಿದಿತ್ತೆಂದರೆ ಕಿಲಾರಿಗಳು ಮತ್ತು ಕುರಿಗಾಹಿಗಳಿಂದ. ಪಹಣಿಯಲ್ಲಿ ಒಡೆಯರ ಹೆಸರು ಬರೆಯುವ ಒಂಬತ್ತನೇ ಕಲಮಿನಲ್ಲಿ ಅವರ ಹೆಸರಿಲ್ಲ, ಇತರೆ ಹಕ್ಕುಗಳ ಹನ್ನೊಂದರಲ್ಲೂ ಇಲ್ಲ.

2007ರಿಂದ 2010ರ ನಡುವೆ ಈ ಪಹಣಿಗಳು ಕೈಬದಲಾಯಿಸಿದವು. ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573, ಸಗಿಟೌರ್ ಎಂಬ ಖಾಸಗಿ ಸೌರವಿದ್ಯುತ್ ಕಂಪನಿಗೆ 1,250, ಸಣ್ಣ ಕೈಗಾರಿಕೆಗಳ ನಿಗಮಕ್ಕೆ 250, ಗೃಹಮಂಡಳಿಗೆ 50. ವಿಜ್ಞಾನ ಸಂಸ್ಥೆಗೆ ಅದರ ಶತಮಾನೋತ್ಸವದ ನೆಪ ಇತ್ತು. ಉಳಿದವರಿಗೆ ಹೆದ್ದಾರಿ ಹತ್ತಿರ, ಜನವಸತಿ ವಿರಳ, ನೆಲ ಸಮತಟ್ಟು ಎಂಬ ಅನುಕೂಲ. ದೇಶಕ್ಕೆ ಡ್ರೋನ್ ಬೇಕು, ರಾಕೆಟ್ ಬೇಕು, ಒಳ್ಳೆಯ ವಿಜ್ಞಾನ ಮೇಷ್ಟ್ರುಗಳು ಬೇಕು ಎಂಬುದರಲ್ಲಿ ಊರಿನವರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಕೇಳದೆ ಕೊಟ್ಟದ್ದಕ್ಕೆ. ಖಾಸಗಿ ಜಮೀನು ಸ್ವಾಧೀನ ಮಾಡುವುದಾದರೆ ನೋಟಿಸು, ಆಕ್ಷೇಪಣೆಗೆ ಅವಧಿ, ಪರಿಹಾರ ಎಂಬ ದಾರಿಯಾದರೂ ಇದೆ. ಇಲ್ಲಿ ಸರ್ಕಾರದ ಜಮೀನನ್ನು ಸರ್ಕಾರ ಬಹುಪಾಲು ಸರ್ಕಾರಿ ಸಂಸ್ಥೆಗಳಿಗೇ ಕೊಟ್ಟಿತು. ಮೂರನೆಯವರನ್ನು ಕೇಳುವ ಪ್ರಮೇಯವೇ ಕಾಗದದ ಮೇಲೆ ಹುಟ್ಟಲಿಲ್ಲ. ಬಹುಪಾಲು ಜನರಿಗೆ ವಿಷಯ ತಿಳಿದದ್ದು ತಂತಿಬೇಲಿ, ಕಂದಕ, ಆಮೇಲೆ ಗೋಡೆ ಕಂಡಾಗ.

ಆಗ ಮನವಿಗಳ ಕಾಲ ಶುರುವಾಯಿತು. ಅಮೃತಮಹಲ್ ಕಾವಲ್ ಹಿತರಕ್ಷಣಾ ಹಾಗೂ ಹೋರಾಟ ಸಮಿತಿ ಹುಟ್ಟಿಕೊಂಡಿತು. ದೊಡ್ಡಉಳ್ಳಾರ್ತಿಯ ಕಡೆ ಅದರ ಕಾವು ಹೆಚ್ಚು. ಕಾವಲನ್ನು ನಂಬಿದ ಹಳ್ಳಿಗಳು ಎಪ್ಪತ್ತಕ್ಕೂ ಹೆಚ್ಚು ಎಂಬುದು ಹೋರಾಟಗಾರರು ಕೊಟ್ಟ ಲೆಕ್ಕ. ಮನವಿಪತ್ರದ ರೂಪ ನಮಗೆಲ್ಲ ಗೊತ್ತಿರುವುದೇ. ಮೇಲೆ ‘ಇವರಿಂದ’, ‘ಇವರಿಗೆ’, ನಡುವೆ ‘ವಿಷಯ’, ಕೆಳಗೆ ‘ಮಾನ್ಯರೇ’. ಕೊನೆಗೆ ಸಹಿಗಳು, ಸಹಿ ಬಾರದವರ ಹೆಬ್ಬೆಟ್ಟುಗಳು. ಒಂದು ಪ್ರತಿ ಕಚೇರಿಗೆ, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಮನೆಗೆ. ಈ ರೂಪದಲ್ಲಿ ಒಂದು ತೊಡಕಿದೆ. ‘ನಮಗೆ ಸೇರಿದ’ ಎಂದು ಬರೆಯಬೇಕಾದ ಜಾಗದಲ್ಲಿ ಏನು ಬರೆಯುವುದು? ಕಾವಲು ತಮ್ಮದೆಂದು ಹೇಳಲು ಕಾಗದವಿಲ್ಲ. ಗೋಮಾಳವಾಗಿದ್ದರೆ ನಿಯಮವಿದೆ: 100 ಜಾನುವಾರಿಗೆ 30 ಎಕರೆ ಉಚಿತ ಹುಲ್ಲುಗಾವಲು ಇರಬೇಕು. ಆದರೆ ಕಾವಲು ಗೋಮಾಳವಲ್ಲ. ಹಾಗಾಗಿ ಹಳ್ಳಿಗರು ಒಡೆತನದ ಮಾತು ಬಿಟ್ಟು ಬಳಕೆಯ ಮಾತು ಹಿಡಿಯಬೇಕಾಯಿತು: ನಮ್ಮ ದನ ಇಷ್ಟು, ಕುರಿ ಇಷ್ಟು, ನಮ್ಮ ದೇವರಿಗೆ ಹೋಗುವ ದಾರಿ ಇದು, ನೀರಿನ ಕಟ್ಟೆ ಇದು. ಎರಡು ಶತಮಾನಗಳಲ್ಲಿ ದರೋಗನ ದಫ್ತರ ಬರೆದುಕೊಳ್ಳದ್ದನ್ನು ಊರಿನವರೇ ಬರೆಯಲು ಕೂತರು.

ಮಾಹಿತಿ ಹಕ್ಕಿನ ಕಾಯ್ದೆ ಇಲ್ಲದಿದ್ದರೆ ಈ ಬರವಣಿಗೆ ಅರ್ಧಕ್ಕೆ ನಿಲ್ಲುತ್ತಿತ್ತು. ಯಾರಿಗೆ ಎಷ್ಟು ಎಕರೆ, ಯಾವ ಆದೇಶದಲ್ಲಿ ಎಂಬುದು ಹೊರಗೆ ಬಂದದ್ದರಲ್ಲಿ ಆ ಕಾಯ್ದೆಯ ಪಾತ್ರ ದೊಡ್ಡದು. ಅದೇ ಹೊತ್ತಿಗೆ, 2011ರ ಜನವರಿ 28ರಂದು, ಪಂಜಾಬಿನ ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಒತ್ತುವರಿಯಿಂದ ಬಿಡಿಸಿ ಊರಿಗೆ ಮರಳಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಆ ತೀರ್ಪು ನಮ್ಮವರಿಗೂ ಬಲ ಕೊಟ್ಟಿತು. ಆದರೆ ಅಲ್ಲಿ ಒತ್ತುವರಿ ಮಾಡಿದ್ದವರು ಖಾಸಗಿಯವರು. ಇಲ್ಲಿ ಎದುರಿಗಿದ್ದದ್ದು ಸರ್ಕಾರದ್ದೇ ಆದೇಶ.

ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಹಾಗೂ ಅದರ ಲಿಯೊ ಸಲ್ಡಾನ 2013ರಲ್ಲಿ ವಿಷಯವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಒಯ್ದರು. ವಾದದ ಒಂದು ಎಳೆ ಕಾಡಿನದು: ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶದ ಪ್ರಕಾರ ಕಾವಲೂ ಅರಣ್ಯವೇ. ಇನ್ನೊಂದು ಪರಿಸರ ಅನುಮತಿಯದು. ಮತ್ತೊಂದು ಜೀವಿಗಳದು, ಕೃಷ್ಣಮೃಗ, ಎರೆಭೂತ ಹಕ್ಕಿಯಂಥವು. ಎರೆಭೂತವನ್ನು ಕಂಡವರು ಈಗ ನಮ್ಮಲ್ಲಿ ಎಷ್ಟು ಜನ ಉಳಿದಿದ್ದಾರೋ. ಗಮನಿಸಬೇಕಾದ್ದು ಇಷ್ಟು: ನ್ಯಾಯಮಂಡಳಿಯ ಬಾಗಿಲು ಪರಿಸರಕ್ಕೆ ತೆರೆದಿತ್ತು, ಮೇವಿಗಲ್ಲ. ಕುರಿಗಾಹಿಯ ದೂರು ಒಳಗೆ ಹೋಗಬೇಕಾದರೆ ಹುಲ್ಲು, ಹಕ್ಕಿ, ಅನುಮತಿ ಎಂಬ ಮಾತುಗಳ ಹಿಂದೆ ನಡೆಯಬೇಕಿತ್ತು. ನಮ್ಮ ಊರಿನ ಕನ್ನಡ ಅರ್ಜಿಗಳು ಇಂಗ್ಲಿಷ್ ಆಗಿ, ಕಾನೂನಿನ ಕಲಮುಗಳಾಗಿ ಚೆನ್ನೈ ಸೇರುವಷ್ಟರಲ್ಲಿ ಕಿಲಾರಿ ಅವುಗಳ ಅಂಚಿಗೆ ಸರಿದಿದ್ದ.

ಆದರೂ ಮೊದಮೊದಲು ಗಾಳಿ ಅನುಕೂಲವಾಗಿಯೇ ಬೀಸಿತು. 2013ರ ಮಾರ್ಚ್‌ನಲ್ಲಿ ನ್ಯಾಯಮಂಡಳಿ ಇಬ್ಬರು ತಜ್ಞರ ಸತ್ಯಶೋಧನಾ ಸಮಿತಿ ನೇಮಿಸಿತು. ಸಮಿತಿ ಇಲ್ಲಿಗೆ ಬಂದು ನೋಡಿತು. ಅನುಮತಿ ಇಲ್ಲದೆ ಕಾಮಗಾರಿ ಮುಂದುವರಿಸಬಾರದೆಂಬ ಮಧ್ಯಂತರ ಆದೇಶವೂ ಆಯಿತು. ಇಲ್ಲಿನ ಜನರಿಗೆ ಅದೊಂದು ವಿಚಿತ್ರ ಅನುಭವವಾಗಿದ್ದಿರಬೇಕು. ತಹಶೀಲ್ದಾರ್ ಕಚೇರಿಯ ಕಿಟಕಿಯಲ್ಲಿ ಮುದ್ರೆ ಒತ್ತಿಸಿಕೊಂಡು ಬಂದ ಕಾಗದದ ವಿಷಯಕ್ಕೆ ರಕ್ಷಣಾ ಇಲಾಖೆ, ಅಣುಶಕ್ತಿ ಇಲಾಖೆಗಳ ವಕೀಲರು ಪೀಠದ ಮುಂದೆ ನಿಂತು ಉತ್ತರ ಕೊಡುತ್ತಿದ್ದರು. ಅಂತಿಮ ತೀರ್ಪು 2014ರ ಆಗಸ್ಟ್ 27ರಂದು ಬಂತು. ಅನುಮತಿಗಳ ಷರತ್ತು ಉಳಿಯಿತು, ಯೋಜನೆಗಳೂ ಉಳಿದವು. ಭೂಮಿ ದನಕ್ಕೆ ಮರಳಲಿಲ್ಲ.

ಸೋಲಿನ ಕಾರಣ ಹುಡುಕುವಾಗ ಹೋಲಿಕೆಗೆ ಕುಸನೂರನ್ನು ನೋಡಬೇಕು. 1984ರಲ್ಲಿ ಸರ್ಕಾರ ಹಾಗೂ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿ, ಹಳ್ಳಿಗಳ ಸಾಮೂಹಿಕ ಜಮೀನಿನಲ್ಲಿ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಗೊತ್ತುಮಾಡಿದವು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಸಾಹಿತಿ ಶಿವರಾಮ ಕಾರಂತರನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟಿಗೆ ಹೋಯಿತು. ಸಹಿ ಸಂಗ್ರಹ ನಡೆಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಎಂಬುದೇ ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು. ಅಲ್ಲಿಯೂ ಜಮೀನು ಸರ್ಕಾರದ್ದೇ, ಹಳ್ಳಿಗರ ಕೈಯಲ್ಲಿ ಪಹಣಿ ಇರಲಿಲ್ಲ. ಆದರೆ ಎದುರಿಗಿದ್ದದ್ದು ರೇಯಾನ್ ಕಾರ್ಖಾನೆ. ಚಳ್ಳಕೆರೆಯಲ್ಲಿ ಎದುರಿಗಿದ್ದದ್ದು ರಾಷ್ಟ್ರರಕ್ಷಣೆ. ಕಾರ್ಖಾನೆಯ ಲಾಭವನ್ನು ಪ್ರಶ್ನಿಸಿದವರನ್ನು ಜನಪರ ಎಂದವರು ಕಡಿಮೆಯಿಲ್ಲ. ಗೋಡೆಯ ಎತ್ತರವನ್ನು ಪ್ರಶ್ನಿಸಿದವರು ದೇಶದ್ರೋಹಿಗಳಲ್ಲ ಎಂದು ಮೊದಲು ಸಾಬೀತುಪಡಿಸಬೇಕಾಗುತ್ತದೆ. ಇನ್ನು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತು, 2025ರ ಜುಲೈ 15ರಂದು 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ ಮಾಡಿದರು. ಅವರ ಬಳಿ ಜಮೀನಿನ ಕಾಗದ ಇತ್ತು, ರಾಜಧಾನಿ ಹತ್ತಿರವಿತ್ತು. ನಮ್ಮವರಿಗೆ ಎರಡೂ ಇಲ್ಲ.

ಗೋಡೆಯ ಒಳಗೆ ನಡೆದದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಚರಿತ್ರೆ ಒಂದು ಕಣ್ಣಿನದಾಗುತ್ತದೆ. ವಿಜ್ಞಾನ ಸಂಸ್ಥೆಯ ಕುದಾಪುರ ಆವರಣದಲ್ಲಿ 2011ರಿಂದ ಪ್ರತಿಭಾ ವಿಕಸನ ಕೇಂದ್ರ ಶಾಲಾ ಕಾಲೇಜುಗಳ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ರಾಜ್ಯದ ಮೂಲೆಮೂಲೆಯ ಮೇಷ್ಟ್ರುಗಳು ಬಂದು, ಪ್ರಯೋಗಾಲಯದಲ್ಲಿ ಕೈಯಾರೆ ಪ್ರಯೋಗ ಮಾಡಿ ಹೋಗುತ್ತಾರೆ. ಇದು ಒಳ್ಳೆಯ ಕೆಲಸ, ಎರಡು ಮಾತಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2016ರ ನವೆಂಬರ್‌ನಲ್ಲಿ ತಪಸ್ ಡ್ರೋನ್ ಮೊದಲ ಬಾರಿಗೆ ಹಾರಿತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ವಲಯವನ್ನು ಉದ್ಘಾಟಿಸಿದರು. 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆ ಉಡಾವಣಾ ವಾಹನ ಹೆಲಿಕಾಪ್ಟರ್‌ನಿಂದ ಕಳಚಿಕೊಂಡು ತಾನಾಗಿಯೇ ಬಂದು ಇಲ್ಲಿನ ರನ್‌ವೇ ಮೇಲೆ ಇಳಿಯಿತು. 2024ರಲ್ಲಿ ಪುಷ್ಪಕ್ ಎಂಬ ಹೆಸರಿನಲ್ಲಿ ಇನ್ನೆರಡು ಸಲ ಇಳಿಯಿತು. ದೇಶದ ಪತ್ರಿಕೆಗಳೆಲ್ಲ ‘ಚಿತ್ರದುರ್ಗದಲ್ಲಿ’ ಎಂದು ಬರೆದವು. ಊರಿನ ಹುಡುಗರು ಮೊಬೈಲಿನಲ್ಲಿ ಆ ವಿಡಿಯೊ ನೋಡಿ ಹೆಮ್ಮೆಪಟ್ಟದ್ದೂ ನಿಜ.

2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಮಾತ್ರ ಗೋಡೆಯ ಒಳಗಿನದು ಹೊರಗೆ ಬಂದು ಬಿತ್ತು. ಹಾರುತ್ತಿದ್ದ ತಪಸ್ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಅಪ್ಪಳಿಸಿತು. ಯಾರಿಗೂ ಜೀವಹಾನಿಯಾಗಲಿಲ್ಲ. ಸುತ್ತಲ ಹಳ್ಳಿಗಳ ಜನ ಜಾತ್ರೆಯಂತೆ ಸೇರಿದರು, ಮುರಿದ ರೆಕ್ಕೆಯನ್ನು ಹತ್ತಿರದಿಂದ ನೋಡಿದರು. ಅಲ್ಲಿಯವರೆಗೆ ಒಳಗೆ ಏನಿದೆ ಎಂದು ಊಹಿಸುತ್ತಿದ್ದವರಿಗೆ ಮುಟ್ಟುವಷ್ಟು ಸಮೀಪದಲ್ಲಿ ಕಂಡ ತುಣುಕು ಅದು. ಉಳ್ಳಾರ್ತಿ ಕಡೆಯ ಅಣುಶಕ್ತಿ ಘಟಕದ ಬಗ್ಗೆ ಇಷ್ಟೂ ಕಂಡವರಿಲ್ಲ. ಅಲ್ಲಿ ಬರಲಿರುವುದು ಯುರೇನಿಯಂ ಸಂವರ್ಧನಾ ಘಟಕ ಎಂಬುದು 2011ರಲ್ಲೇ ಅಧಿಕೃತವಾಗಿ ಹೊರಬಿದ್ದ ವಿಷಯ. ನೀರು ಎಲ್ಲಿಂದ, ತ್ಯಾಜ್ಯ ಎಲ್ಲಿಗೆ ಎಂದು ಕೇಳಿದ ಮನವಿಗಳಿಗೆ ಊರಿನ ಮುಂದೆ ಕೂತು ಉತ್ತರ ಹೇಳುವುದು ಸರ್ಕಾರದ ಕರ್ತವ್ಯವಾಗಿತ್ತು. ಕೊಳವೆಬಾವಿ ಸಾವಿರ ಅಡಿ ಮುಟ್ಟಿದರೂ ನೀರು ಕಾಣದ ಸೀಮೆಯಲ್ಲಿ ಆ ಪ್ರಶ್ನೆ ಅತಿಯೆನಿಸದು.

ನಮ್ಮಲ್ಲಿ ಸಾರ್ವಜನಿಕ ಕೆಲಸವೆಂದರೆ ಮೊದಲು ನೆನಪಾಗುವುದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕಟ್ಟಿಸಿದ ಕೆರೆಗಳು. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವನ ಮಾತನ್ನು ಪ್ರತಿ ಫಾಲ್ಗುಣದಲ್ಲಿ ತೇರಿನ ಬೀದಿಯ ಬ್ಯಾನರುಗಳಲ್ಲಿ ಓದುತ್ತೇವೆ, ಕೊಬ್ಬರಿ ಸುಡುತ್ತೇವೆ, ಮುಕ್ತಿಬಾವುಟದ ಹರಾಜು ಎಷ್ಟು ಲಕ್ಷಕ್ಕೆ ಹೋಯಿತೆಂದು ಮಾತಾಡಿಕೊಳ್ಳುತ್ತೇವೆ. ದುಡಿದವನಿಗೆ ದುಡಿದಷ್ಟು ಎಂಬುದು ಆ ಮಾತಿನ ಲೆಕ್ಕ. ಕಾವಲಿನಲ್ಲಿ ಇನ್ನೂರು ವರ್ಷ ದನ ಕಾದವರ ಲೆಕ್ಕಕ್ಕೆ ಬಂದದ್ದೆಷ್ಟು? ಭೂಮಿ ಹೋದದ್ದಕ್ಕೆ ಪರಿಹಾರವಿಲ್ಲ, ಏಕೆಂದರೆ ಭೂಮಿ ಅವರದಲ್ಲ. ಮೇವು ಹೋದದ್ದಕ್ಕೂ ಪರಿಹಾರವಿಲ್ಲ, ಏಕೆಂದರೆ ಮೇವಿಗೆ ದಾಖಲೆಯಿಲ್ಲ. ಕುರಿ ಮಾರಿದವರಲ್ಲಿ ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರು. ಕೆಲವರಿಗೆ ಗೋಡೆಯ ಒಳಗೆ ಗುತ್ತಿಗೆಯ ಸೆಕ್ಯೂರಿಟಿ, ತೋಟದ ಕೆಲಸ ಸಿಕ್ಕಿತು. ಬರ ಬಿದ್ದ ವರ್ಷಗಳಲ್ಲಿ ‘ದೇವರ ಎತ್ತುಗಳಿಗೆ ಮೇವು ಕೊಡಿ’ ಎಂಬ ಮನವಿ ಪತ್ರಿಕೆಗಳಲ್ಲಿ ಬರುತ್ತದೆ, ದಾನಿಗಳು ಲಾರಿಯಲ್ಲಿ ಹುಲ್ಲು ಕಳಿಸುತ್ತಾರೆ. ಹಿಂದೆ ಕಾವಲು ಮಾಡುತ್ತಿದ್ದ ಕೆಲಸವನ್ನು ಈಗ ಲಾರಿ ಮಾಡುತ್ತಿದೆ.

ಈ ಹೋರಾಟದ ದಾಖಲೆಗಳು ಈಗ ಚೆಲ್ಲಾಪಿಲ್ಲಿ. ನ್ಯಾಯಮಂಡಳಿಯ ಕಡತ ಚೆನ್ನೈಯಲ್ಲಿ, ಮಂಜೂರಾತಿ ಆದೇಶಗಳು ಜಿಲ್ಲಾಡಳಿತದ ದಾಖಲೆ ಕೊಠಡಿಯಲ್ಲಿ, ಮುದ್ರೆ ಬಿದ್ದ ಮನವಿಗಳ ಪ್ರತಿಗಳು ಹಟ್ಟಿಗಳ ಮನೆಗಳಲ್ಲಿ. ಮೊದಲ ಎರಡನ್ನು ಸರ್ಕಾರ ಕಾಯುತ್ತದೆ. ಮೂರನೆಯದನ್ನು ನಾಯಕನಹಟ್ಟಿಯ ಗ್ರಂಥಾಲಯದಲ್ಲೋ ಶಾಲೆಯೊಂದರಲ್ಲೋ ಪ್ರತಿ ತೆಗೆಸಿ ಇಡುವ ಕೆಲಸವನ್ನು ಈ ಸಂಚಿಕೆಯ ಓದುಗರಲ್ಲಿ ಯಾರಾದರೂ ಕೈಗೆತ್ತಿಕೊಂಡರೆ, ಜೊತೆಗೆ ಇನ್ನೊಂದನ್ನೂ ಮಾಡಬಹುದು. ವಯಸ್ಸಾದ ಕಿಲಾರಿಗಳನ್ನು, ಕುರಿಗಾಹಿಗಳನ್ನು ಕೂರಿಸಿಕೊಂಡು ಯಾವ ತಿಂಗಳಲ್ಲಿ ಯಾವ ಕಾವಲಿನ ಯಾವ ಮಗ್ಗುಲಿಗೆ ಹೊಡೆಯುತ್ತಿದ್ದರು, ನೀರು ಎಲ್ಲಿ ಕುಡಿಸುತ್ತಿದ್ದರು, ರಾತ್ರಿ ಎಲ್ಲಿ ತಂಗುತ್ತಿದ್ದರು ಎಂದು ಬರೆದುಕೊಂಡು, ಸರ್ವೆ ನಂಬರಿನ ನಕ್ಷೆಯ ಮೇಲೆ ಗುರುತು ಹಾಕುವುದು. ಹೊಳಲ್ಕೆರೆ, ಹೊಸದುರ್ಗ, ತರೀಕೆರೆ ಕಡೆ ಇನ್ನೂ ಉಳಿದಿರುವ ಕಾವಲುಗಳ ಹಳ್ಳಿಗಳಿಗೆ ಅಂಥ ನಕ್ಷೆ ಮಾಡಿಕೊಳ್ಳಲು ಸಮಯವಿದೆ. ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯ ಮುಂದೆ ಸಮುದಾಯದ ಹಕ್ಕು ಕೇಳುವಾಗಲೂ, ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ತುಂಬಿಸುವಾಗಲೂ ಬೇಕಾಗುವುದು ಇದೇ ವಿವರ.